ಕಾವು

ಬೇಸಿಗೆಗೆಂದು ಕೊಂಡದ್ದು ಈ ಪೆಟ್ಟಿಗೆ.
ಸರೋವರದ ದಂಡೆಯಲ್ಲಿ ಡೇರೆ ಹೊಡೆದು
ಮಗಳು ಒದೀಲ್‌ಗೆ ಬೆಳಗ್ಗೆ ಪ್ಯಾನ್‌ಕೇಕ್ ಸುಡಬೇಕು,
ರಾತ್ರಿ ಅವಳ ತಲೆದೆಸೆಗೆ ಒಂದು ಹಳದಿ ದೀಪ ಉರಿಯಬೇಕು, ಎಂದು.
ಹನ್ನೆರಡು ಕಿಲೋ ತೂಕ, ಮೇಲೊಂದು ಹಿಡಿ.
ಮಗಳು ಬರಲಿಲ್ಲ ಆ ಬೇಸಿಗೆ.
ಬಾಗಿಲ ಹಿಂದೆ, ಬೂಟುಗಳ ಪಕ್ಕ,
ಯಾರೂ ಉಣ್ಣದ ಕಣಜದ ಹಾಗೆ ತುಂಬಿಕೊಂಡೇ ಕೂತಿತ್ತು.

ಏಪ್ರಿಲಿನಲ್ಲಿ ಗ್ರಾನ್ಬಿಯ ಮೇಲೆ ಸುರಿದದ್ದು
ಮಳೆಯೂ ಅಲ್ಲ, ಹಿಮವೂ ಅಲ್ಲ,
ಬಿದ್ದಲ್ಲೇ ಗಾಜಾಗುವ ಒಂದು ಹಟ.
ತಂತಿಗಳು ಮಣಿಕಟ್ಟಿನಷ್ಟು ದಪ್ಪವಾದವು.
ಮೇಪಲ್ ಕೊಂಬೆಗಳು ಕೋವಿ ಹಾರಿದಂತೆ ಮುರಿದವು,
ಒಂದು, ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು.
ಸಂಜೆ ಏಳಕ್ಕೆ ಫ್ರಿಜ್ಜು ನಿಟ್ಟುಸಿರಿಟ್ಟು ಸುಮ್ಮನಾಯಿತು.

ಅಡುಗೆಮೇಜಿನ ಮೇಲೆ ಒದೀಲ್‌ಳ ತರಗತಿಯ ಮೊಟ್ಟೆಗಳು,
ಪಾರದರ್ಶಕ ಮುಚ್ಚಳದಡಿ ಹನ್ನೊಂದು.
"ರಜೆಗೆ ಟೀಚರ್ ನನಗೇ ಕೊಟ್ಟರು, ಅಪ್ಪಾ!"
ನನ್ನ ಕೈಗಿಟ್ಟು ಅಮ್ಮನ ಜೊತೆ ರಿಮೂಸ್ಕಿಗೆ ಹೋಗಿದ್ದಳು.
ಹದಿನಾಲ್ಕನೆಯ ದಿನ. ಇನ್ನು ಏಳು.
ಮೂವತ್ತೇಳೂವರೆ ಡಿಗ್ರಿ, ಹೆಚ್ಚು ಕಡಿಮೆ ಆಗುವಂತಿಲ್ಲ.

ಬೂಟು ಸರಿಸಿ ಪೆಟ್ಟಿಗೆ ತಂದೆ, ಗುಂಡಿ ಒತ್ತಿದೆ.
ನೂರು, ಎಂದಿತು.
ಲಕೋಟೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ:
ಸಾವಿರವನ್ನು ನಲವತ್ತರಿಂದ ಭಾಗಿಸಿ, ಸೋರಿದ್ದು ಕಳೆದರೆ
ನಾಳೆ ಮಧ್ಯಾಹ್ನದವರೆಗೂ ಕಾವು ಆರುವುದಿಲ್ಲ.
ಮೊದಲ ಸಲ ನನಗೆ ತಂದೆಯೆನಿಸಿತು, ಸರಿಯಾದ ತಂದೆ.

ಹತ್ತಕ್ಕೆ ಗೋಡೆಯಾಚೆಯಿಂದ ಮೂರು ಬಡಿತ.
ಮದಾಂ ಲೊರೆಟ್ ಥಿಬೋ, ಎಂಬತ್ತೊಂದು, ಮೂಗಿಗೆ ನಳಿಕೆ.
ಅವಳ ಆಮ್ಲಜನಕದ ಯಂತ್ರ ಗಂಟೆಗೆ ಮುನ್ನೂರು ಕುಡಿಯುತ್ತದೆ.
ಸಿಲಿಂಡರಿನ ಮುಳ್ಳು ಕೆಂಪಿನಲ್ಲಿ ಮಲಗಿದೆ.
ಮರ ಕಡಿದುಕೊಂಡು ಬರುತ್ತೇವೆ ಎಂದರಂತೆ ಆಂಬುಲೆನ್ಸಿನವರು,
ಯಾವಾಗ ಎನ್ನಲಿಲ್ಲವಂತೆ.

ಇದರಲ್ಲಿ ಯೋಚಿಸುವುದೇನಿತ್ತು? ಏನೂ ಇರಲಿಲ್ಲ.
ಆದರೂ ಯೋಚಿಸಿದೆ, ನಾಲ್ಕು ಮೆಟ್ಟಿಲಿನಷ್ಟು.
ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳು.

ಎಂಬತ್ತೇಳು. ಎಪ್ಪತ್ತು. ಐವತ್ತೊಂದು.
"ಈ ಡಬ್ಬಿಯ ಫ್ಯಾನು ನನ್ನ ಗಂಡನ ಗೊರಕೆಗಿಂತ ಕಡೆ"
ಎಂದು ಗೊಣಗಿದಳು ಮದಾಂ.
ಗೊಣಗಲಿ. ಉಸಿರಿದ್ದವರು ತಾನೇ ಗೊಣಗುವುದು.

ಎದುರಿನ ಕುರ್ಚಿಯಲ್ಲಿ ಅಲ್ಲಾಡದೆ ನಾನು.
ಬನಿಯನ್ನಿನೊಳಗೆ ಏಳು, ಉಣ್ಣೆಟೊಪ್ಪಿಗೆಯಲ್ಲಿ ನಾಲ್ಕು,
ಎಲ್ಲದರ ಮೇಲೆ ಕೋಟು.
ಮೈಯ ಶಾಖ ಮೂವತ್ತೇಳು.
ಅರ್ಧ ಡಿಗ್ರಿ ಸಾಲ. ಸಹಿಸಿಕೊಳ್ಳಿ, ಮಕ್ಕಳೇ.
"ಹೊಟ್ಟೆನೋವೇ?" ಎಂದಳು.
ಕಾವು ಕೂತಿದ್ದೇನೆ, ಎಂದೆ.
ನಗು ಬಂದು, ನಗಲು ಗಾಳಿ ಸಾಲದೆ,
ಕೈಯೆತ್ತಿ ನಗಿಸಬೇಡ ಎಂದಳು.

ಸಾಯುತ್ತಿದ್ದ ಫೋನಿಗೆ ಒದೀಲ್‌ಳ ಸಂದೇಶ:
"ಮಗ್ಗುಲು ಬದಲಿಸಿದೆಯಾ? ದಿನಕ್ಕೆ ಮೂರು ಸಲ."
ಆ ಮನೆ ಬಿಟ್ಟ ಮೇಲೆ ರಾತ್ರಿಗೆ ಮೂವತ್ತು ಸಲ
ಮಗ್ಗುಲು ಬದಲಿಸುವವನು ನಾನು, ಕಂದಾ.
ಬೆರಳಿನಿಂದ ಒಂದೊಂದನ್ನೂ ಮೆಲ್ಲಗೆ ಹೊರಳಿಸಿದೆ.

ನಾಲ್ಕು ಎಂದು ತೋರಿಸುವಾಗ ಕಿಟಕಿಯ ಗಾಜಿಗೆ ನೀಲಿ ಬೆಳಕು.
ಇಬ್ಬರು ಹುಡುಗರು ಮಂಜುಗಡ್ಡೆಗೆ ಉಪ್ಪೆರಚುತ್ತಾ ಬಂದು
ಹೊಸ ಸಿಲಿಂಡರು ಸಿಕ್ಕಿಸಿ ಅವಳನ್ನು ಎತ್ತಿಕೊಂಡು ಹೋದರು.
ಹೊಸಿಲಲ್ಲಿ ತಿರುಗಿ, "ಮರಿಯಾದರೆ ಒಂದಕ್ಕೆ ನನ್ನ ಹೆಸರು," ಎಂದಳು.
"ಹುಂಜಕ್ಕೆ ಬೇಡ."

ಕತ್ತಲು. ನಾನು, ಹನ್ನೊಂದು, ಮತ್ತು ಪೆಟ್ಟಿಗೆ.
ಬೆಳಗಾದರೆ ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ
ಹನಿಹನಿಯಾಗಿ ತುಂಬಬೇಕು.
ಹಿಡಿಯೆತ್ತಿದಾಗ ಬೆರಳಿಗೆ ತಿಳಿಯಿತು:
ಬರಿದಾದ ಮೇಲೂ ಸ್ವಲ್ಪ ಹೊತ್ತು
ಬೆಚ್ಚಗೇ ಇರುತ್ತದೆ ಅದು.
ಕಂಬಳಿಯೊಳಕ್ಕೆ ಅದನ್ನೂ ಎಳೆದುಕೊಂಡೆ,
ಮೊಟ್ಟೆಗಳ ಕಡೆಗೆ.