ಆಲ್ಕೊಳ ಸರ್ಕಲ್ಲಿನ ಗಾಳಿ

ಏಳನೆಯ ತರಗತಿ, ಮೂರನೆಯ ಪೀರಿಯಡ್ಡು.
ಹಲಗೆಯ ಮೇಲೆ ಬಾಣ ಬರೆದಿದ್ದೆ:
ಇಲ್ಲಿ ಹೆಚ್ಚು ಒತ್ತಡ, ಅಲ್ಲಿ ಕಡಿಮೆ, ನಡುವೆ ಗಾಳಿ.
ಕಡೆಯ ಬೆಂಚಿನ ಪೂರ್ಣೇಶ ಎದ್ದು ಕೇಳಿದ:
"ಅದನ್ನ ದೂಡೋದು ಯಾರು ಮಿಸ್?"
ಬೆಲ್ಲು ಹೊಡೆಯಿತು. ನನ್ನ ಪುಣ್ಯ.

ಸಂಜೆ ಸಾಗರ ರಸ್ತೆಯಲ್ಲಿ ಹಿಂದಿನ ಚಕ್ರ ಕೂತಿತು.
ಜೂನ್ ಹುಟ್ಟಿ ಒಂಬತ್ತು ದಿನ, ಮಳೆಯ ಸುಳಿವಿಲ್ಲ,
ಡಾಂಬರು ಇನ್ನೂ ರೊಟ್ಟಿ ಹೆಂಚು.
ತಳ್ಳಿಕೊಂಡು ಬಂದೆ ದಸ್ತಗೀರನ ಅಂಗಡಿಗೆ.
ಅಂಗಡಿ ಅಂದರೆ ಒಂದು ಕಂಪ್ರೆಸರು, ಎರಡು ಸ್ಟೂಲು,
ಅರ್ಧ ನೀರಿನ ಕಬ್ಬಿಣದ ಬಾಣಲೆ,
ಹೊಂಗೆಮರಕ್ಕೆ ನೇತುಹಾಕಿದ ಒಂದು ಟೈರು, ಬೋರ್ಡಿನ ಬದಲಿಗೆ.

ಅವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ತಿರುಗಿಸುತ್ತ ಹೋದ,
ಎಳೆಮಗುವಿಗೆ ಮೀಯಿಸುವವರ ಹಾಗೆ, ಅವಸರವಿಲ್ಲದೆ.
ಒಂದು ಕಡೆ ಗುಳುಗುಳು.
"ನೋಡಿ ಮೇಡಂ, ಇಲ್ಲಿ ಉಸಿರಾಡ್ತಿದೆ."

ಕೇಳಬಾರದು ಅಂದುಕೊಂಡಿದ್ದೆ, ಕೇಳಿಬಿಟ್ಟೆ:
ಗಾಳಿಯನ್ನ ದೂಡೋದು ಯಾರು?
ಅವನು ನಗಲಿಲ್ಲ. ಉಪ್ಪುಕಾಗದದಲ್ಲಿ ರಬ್ಬರು ಉಜ್ಜುತ್ತಲೇ ಅಂದ:
"ಶನಿವಾರ ಸಾಗರದ ಬಸ್ಸು ನೋಡಿದೀರಲ್ಲ,
ಬಾಗಿಲು ತೆಗೆದ ಕೂಡ್ಲೆ ಮುಂದಿದ್ದೋರು ರಸ್ತೆ ಮೇಲೆ.
ಯಾರು ದೂಡಿದ್ದು ಅಂತ ಕೇಳಿ ಬೇಕಾದ್ರೆ.
ನಾನಲ್ಲ, ನಾನಲ್ಲ ಅಂತಾರೆ ಎಲ್ರೂ.
ಎಲ್ರೂ ನಿಜಾನೇ ಹೇಳೋದು."

ಸೊಲ್ಯೂಷನ್ ಒಣಗುವ ತನಕ ಕಾಯಬೇಕು.
ಸ್ಟೂಲಿನ ಮೇಲೆ ಕೂತು ನಾನು ಬಯಲು ಸೀಮೆಯನ್ನು ನೆನೆದೆ:
ಹಾವೇರಿ, ಗದಗ, ಅದರಾಚೆ ರಾಯಚೂರು,
ಹಗಲೆಲ್ಲ ಕಾದ ಕಪ್ಪು ನೆಲ,
ಅದಕ್ಕೆ ತಾಗಿದ ಗಾಳಿ ಹಿಗ್ಗಿ, ಹಗುರಾಗಿ,
ನೆಲದ ಕೈಬಿಟ್ಟು ಮೇಲೇಳುವುದು.
ಇತ್ತ ಹೊನ್ನಾವರದಾಚೆ ಕಡಲು, ಬಲು ನಿಧಾನಿ.
ಅಷ್ಟೇ ಬಿಸಿಲು ಕುಡಿದರೂ ಅಷ್ಟು ಬೇಗ ಕಾಯದು.
ಅದರ ಮೇಲೆ ಗಾಳಿ ತಣ್ಣಗೆ, ತೂಕವಾಗಿ,
ಒತ್ತೊತ್ತಾಗಿ ನಿಂತಿದೆ, ಕಂಬಿ ಹಿಡಿದು.
ಎಲ್ಲೋ ಬಾಗಿಲು ತೆರೆಯುತ್ತದೆ.

ಭೂಮಿ ಸುಮ್ಮನಿದ್ದಿದ್ದರೆ ನೆಟ್ಟಗೆ ಬರುತ್ತಿತ್ತೇನೋ.
ಕಾಲಡಿಯ ನೆಲವೇ ತಿರುಗುವಾಗ ನೆಟ್ಟಗೆ ನಡೆದವರುಂಟೆ?
ಭೂಮಧ್ಯರೇಖೆ ದಾಟಿದ್ದೇ ಬಲಕ್ಕೆ ವಾಲಿ,
ಸೋಮಾಲಿಯದ ಕರಾವಳಿ ಸವರಿ,
ಅಷ್ಟೂ ಕಡಲಿನ ಉಪ್ಪು ಬಿಟ್ಟು ನೀರಷ್ಟೇ ಕದ್ದು
ಆಗುಂಬೆಯ ಬಂಡೆಗೆ ಎದೆ ಕೊಟ್ಟು ಹತ್ತುವ ಗಾಳಿಗೆ
ಬೆಟ್ಟದ ಈಚೆ ಒಂದು ಹೊಂಗೆಮರ,
ಅದಕ್ಕೊಂದು ಟೈರು,
ಅದು ತೂಗಲೆಂದು ಕಾದವರಿಬ್ಬರು ಇದ್ದಾರೆ ಅಂತ
ಗೊತ್ತಿರಲಿಕ್ಕಿಲ್ಲ.

ಟೈರು ತೂಗಲಿಲ್ಲ.
ಗೇಜಿನ ಮುಳ್ಳು ನಡುಗುತ್ತ ಮೂವತ್ತಕ್ಕೆ ನಿಂತಿತು.
ಐವತ್ತು ರೂಪಾಯಿ ಪಂಚರಿಗೆ. "ಗಾಳಿಗೆ ದುಡ್ಡು ತಗೊಳ್ಳಲ್ಲ."
ಒಂದು ಹಳೇ ಟ್ಯೂಬು ಕೇಳಿದೆ, ಮಕ್ಕಳಿಗೆ ತೋರಿಸಲು.
ಕೊಟ್ಟ, ಉಬ್ಬಿಸಿ. "ವಾಪಸ್ ತರ್ಬೇಕು ಮತ್ತೆ,
ಖಾಲಿ ಆದ್ರೂ ಪರವಾಗಿಲ್ಲ."

ಮರುದಿನ ಅದೇ ತರಗತಿ.
ಬಸ್ಸಿನ ಕತೆ ನನ್ನದೇ ಎಂಬಂತೆ ಹೇಳಿದೆ. ತಪ್ಪು.
ಪೂರ್ಣೇಶನ ಅಂಗೈ ಹಿಡಿದು, ವಾಲ್ವಿನ ಪಿನ್ನು ಒತ್ತಿದೆ.
ಸ್ಸ್ ಎಂದು ಹೊರಟಿತು ನಿನ್ನೆಯ ಗಾಳಿ,
ಅವನ ಹಣೆಯ ಮೇಲಿನ ಕೂದಲು ಎದ್ದು ನಿಂತಿತು,
ಎಲ್ಲರೂ ನಕ್ಕರು, ಅವನೊಬ್ಬನ ಹೊರತು.
ಕೈ ಹಿಂದೆಗೆಯದೆ ನಿಂತೇ ಇದ್ದ.

ಪಶ್ಚಿಮದ ಕಿಟಕಿಯ ಕೊಂಡಿ
ಟಕ್ ಅಂದಿತು, ಸ್ವಲ್ಪ ಬಿಟ್ಟು ಮತ್ತೊಮ್ಮೆ.

"ದೂಡೋದು ಗೊತ್ತಾಯ್ತು ಮಿಸ್.
ಆದ್ರೆ ಇಷ್ಟು ಸೆಕೇಲಿ
ಇದು ಇಷ್ಟು ತಣ್ಣಗೆ ಯಾಕಿದೆ?"

ಬೆಲ್ಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.