ಗಂಟು, ಹೊಸ ಆವೃತ್ತಿ

ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೆ
ಪರದೆಯ ಮೇಲೊಂದು ಚೀಟಿ ಕಾದಿತ್ತು:
ಗಂಟು ಕಟ್ಟುವ ತಂತ್ರಾಂಶದ ಹೊಸ ಆವೃತ್ತಿ ಬಂದಿದೆ,
ಹಾಕಿಕೊಳ್ಳಲೇ?
ಹಾಕ್ಕೋ ಅಂದೆ. ಹಾರ್ಡ್ ಡಿಸ್ಕಿನಲ್ಲಿ
ಎಳ್ಳು ಹಾಕಿದರೆ ಕೆಳಗೆ ಬೀಳದು.
ವಡಾಳಾ ಸ್ಟೇಷನ್ನಿಂದ ಮೂರನೇ ಗಲ್ಲಿ,
ಸೇಸಪ್ಪಣ್ಣನ ಮಂಜರಿ ಫೋಟೋ ಸ್ಟುಡಿಯೋ,
ಹದಿನೆಂಟು ವರ್ಷದ ಮೋರೆಗಳು,
ಎಲ್ಲವೂ ಎರಡು ಇಂಚು ಎತ್ತರ,
ಎಲ್ಲವೂ ಗದ್ದ ಸ್ವಲ್ಪ ಮೇಲೆ, ಹಾಂ, ಸಾಕು.

ಏನೇನು ಹೊಸತು ಅಂತ ಓದಿದೆ,
ಹೋಟೆಲಿನ ಹಲಗೆ ಓದುವ ಹಾಗೆ, ಮೊದಲು ದರ, ಆಮೇಲೆ ತಿಂಡಿ.
ಬೇಗ ಕಟ್ಟುತ್ತದಂತೆ. ಬಿಗಿದು ಕಟ್ಟುತ್ತದಂತೆ.
ಗಂಟಿನ ಒಂದು ಮೂಲೆ ಹುಳ ತಿಂದರೂ
ಉಳಿದ ನೂಲಿನಿಂದ ಅದನ್ನು ನೇಯ್ದು ಕೊಡುತ್ತದಂತೆ.
ಬೀಗವೂ ಇದೆಯಂತೆ, ಒಳಗಿನವರ ಹೆಸರೂ ಹೊರಗೆ ಕಾಣದಂಥ ಬೀಗ.
ಸೇಸಪ್ಪಣ್ಣ ಕೇಳಿದ: ಎಷ್ಟು ಇದಕ್ಕೆ?
ಪುಕ್ಕಟೆ.
ಹಾಗಾದರೆ ಎಲ್ಲೋ ತೂತಿದೆ, ನೋಡು.

ನನಗೆ ನಿಜವಾಗಿ ಬೇಕಿದ್ದದ್ದು ಒಂದೇ.
ಹಳೆಯದಕ್ಕೆ ಕನ್ನಡ ಬರುತ್ತಿರಲಿಲ್ಲ.
ಮರಾಠಿಯೂ ಬರುತ್ತಿರಲಿಲ್ಲ ಅನ್ನಿ, ಪಕ್ಷಪಾತ ಇಲ್ಲ.
ಪದ್ಮಿನಿ ಸಾಲ್ಯಾನ್ ಎಂದು ಒಳಗೆ ಹೋದವಳು
ಹನ್ನೆರಡು ಪ್ರಶ್ನೆಚಿಹ್ನೆಯಾಗಿ ಹೊರಗೆ ಬರುತ್ತಿದ್ದಳು.
ಮೂಗು ನೋಡಿ, ಮೂಗುತಿ ನೋಡಿ,
ಇವಳು ಇವಳೇ ಎಂದು ನಾನು ಮತ್ತೆ ಹೆಸರಿಡುತ್ತಿದ್ದೆ,
ತೊಟ್ಟಿಲಿಲ್ಲ, ಸಕ್ಕರೆಯಿಲ್ಲ.
ಹೊಸದರಲ್ಲಿ ಕಟ್ಟಿ, ಬಿಚ್ಚಿ ನೋಡಿದೆ.
ಒತ್ತಕ್ಷರ ಸಮೇತ ನಿಂತಿದ್ದಳು.

ಮಧ್ಯಾಹ್ನ, ಡಬ್ಬಿ ತೊಳೆದು ಬರುವಷ್ಟರಲ್ಲಿ,
ಅದರ ಇನ್ನೊಂದು ಗುಣ ಗೊತ್ತಾಯಿತು.
ಒಂದೇ ಕಡತ ಹಲವು ಹೆಸರಲ್ಲಿದ್ದರೆ
ಒಂದನ್ನು ಇಟ್ಟುಕೊಂಡು
ಉಳಿದ ಕಡೆ ಬೆರಳು ತೋರಿಸುತ್ತದೆ: ಅಲ್ಲಿದೆ, ಹೋಗಿ ನೋಡು.
ಪಟ್ಟಿ ಕೊಟ್ಟಿತ್ತು.
ವಾಮನ ಕರ್ಕೇರ, ಪಾಸ್‌ಪೋರ್ಟು.
ವಾಮನ ಕರ್ಕೇರ, ಡಾಕಿನ ಪಾಸು.
ವಾಮನ ಕರ್ಕೇರ, ರೇಶನ್ ಕಾರ್ಡು.
ವಾಮನ ಕರ್ಕೇರ, ಹಾರಕ್ಕೆ.
ನಾಲ್ಕೂ ಒಂದೇ, ಚುಕ್ಕೆಗೆ ಚುಕ್ಕೆ.

ಇರಲಾರದು ಅಂದುಕೊಂಡೆ.
ಹಾರಕ್ಕೆ ಹೋಗುವ ಚಿತ್ರವನ್ನು ಸೇಸಪ್ಪಣ್ಣ
ಹಾಗೇ ಬಿಡುವವನಲ್ಲ. ಹಿಂದೆ ಮೋಡ ಹಾಕುತ್ತಾನೆ,
ಕೋಟು ತೊಡಿಸುತ್ತಾನೆ, ಬದುಕಿಡೀ
ಬನಿಯನ್ನಿನಲ್ಲಿ ಕಳೆದವನಿಗೂ ಒಂದು ಟೈ.
ಆಮೇಲೆ ಆ ಹೆಂಗಸು ನೆನಪಾದಳು,
ಕೌಂಟರಿಗೆ ಎರಡೂ ಕೈ ಊರಿ ನಿಂತವಳು:
ಕೋಟು ಬೇಡ ಅಣ್ಣ,
ಅವರಿಗೆ ಸೆಕೆ ತಡೆಯುವುದಿಲ್ಲ.
ಮೋಡವೂ ಬೇಡ. ಅಂಗಿಯ ಮೇಲಿನ ಗುಂಡಿ ಹೋಗಿದೆಯಲ್ಲ,
ಅದನ್ನು ಕೂರಿಸಬೇಡಿ.
ಹೊಲಿಯುತ್ತೇನೆ ಹೊಲಿಯುತ್ತೇನೆ ಅಂತ
ನಾನೇ ಹೊಲಿಯದೆ ಬಿಟ್ಟದ್ದು.

ಅಷ್ಟರಲ್ಲಿ ಕೆಲಸ ಮುಗಿದಿತ್ತು.
ಮೂವರು ಕರ್ಕೇರರು ಹೋಗಿ ಒಬ್ಬ ಉಳಿದಿದ್ದ.
ಉಳಿತಾಯ: ಒಂದೂವರೆ ಎಂಬಿ.

ಶನಿವಾರ ಅವಳು ಬಂದಳು.
ಖೋಲಿಯ ಹೆಸರು ಬದಲಿಸಲು ಸೊಸೈಟಿಯವರು
ಫೋಟೋ ಕೇಳಿದ್ದಾರಂತೆ,
ತೀರಿಕೊಂಡವರದು ಎರಡು, ವಾರಸುದಾರರದು ಎರಡು.
ಅವಳದು ತೆಗೆದಾಯಿತು. ಗದ್ದ ಸ್ವಲ್ಪ ಮೇಲೆ.
ಅವನದನ್ನು ಬಿಚ್ಚಲು ಹೋದರೆ ಕೆಳಗೊಂದು ಹೊಸ ಚೌಕ,
ನನ್ನನ್ನು ಕೇಳದೆ ಗುರುತು ಹಾಕಿಕೊಂಡಿತ್ತು:
ಮೂಲ ತಾರೀಖು ಕಾಪಾಡು.

ಹಳೆಯದರಲ್ಲಿ ಇದಿರಲಿಲ್ಲ.
ಬಿಚ್ಚಿದ್ದಕ್ಕೆಲ್ಲ ಬಿಚ್ಚಿದ ದಿನದ್ದೇ ತಾರೀಖು,
ಹದಿನೆಂಟು ವರ್ಷದ ಮಂದಿ
ಇವತ್ತು ಬೆಳಿಗ್ಗೆ ಸಾಲಾಗಿ ಬಂದು
ಇದೇ ಸ್ಟೂಲಿನಲ್ಲಿ ಕೂತೆದ್ದು ಹೋದ ಹಾಗೆ.
ಎಷ್ಟು ಸಲ ಬೈದಿದ್ದೆ ಅದಕ್ಕೆ.

ಅವಳು ಪರದೆಯತ್ತ ಬಗ್ಗಿ ನೋಡುತ್ತಿದ್ದಳು.
ಚೌಕದ ಗುರುತು ತೆಗೆದೆ. ಒತ್ತಿದೆ.
ವಾಮನ ಕರ್ಕೇರ, ಇಂದು, ಸಂಜೆ ಐದೂ ಮುಕ್ಕಾಲು,
ಮೇಲಿನ ಗುಂಡಿ ಇಲ್ಲ.
ಒಂದು ಹಾಳೆಗೆ ಎಂಟು ಬರುತ್ತದೆ, ಕತ್ತರಿಸಿ ಎರಡು ಕೊಡಲಾ, ಎಂದೆ.
ಎಂಟೂ ಇರಲಿ, ಅಂದಳು.