ಲೆಕ್ಕಕ್ಕೆ ಬಾರದ್ದು

ಕೊನೆಯ ಪೆಟ್ಟಿಗೆಯ ಮೇಲೊಂದು ಚೀಟಿ ಅಂಟಿತ್ತು.
ಅರಬಿ, ಇಂಗ್ಲಿಷು, ಮಲಯಾಳ, ಹಿಂದಿ.
ಕನ್ನಡ ಇರಲಿಲ್ಲ, ಬೇಕಾಗಲೂ ಇಲ್ಲ,
ತಂದುಕೊಟ್ಟ ಹುಡುಗ ಕಣ್ಣು ತಪ್ಪಿಸಿದ್ದೇ ಸಾಕಿತ್ತು.

ಏಳು ತಿಂಗಳು. ಒಂದು ಬಿಟ್ಟು ಒಂದು ಗುರುವಾರ,
ಸಂಜೆ ಐದೂವರೆಗೆ ಸಿತ್ರಾದ ಈ ಕ್ಯಾಂಪಿನ ಗೇಟಿಗೆ ಬಿಳಿ ವ್ಯಾನು.
ಅಕ್ಕಿ, ತೊಗರಿ, ಎಣ್ಣೆ, ಚಹಾಪುಡಿ, ಸಕ್ಕರೆ,
ಗಟ್ಟಿ ಹಾಲಿನ ಡಬ್ಬಿ,
ಮತ್ತೆ ಕಾಬೂಲಿ ಕಡಲೆಯದೊಂದು ಟಿನ್ನು.
ಸಂಬಳ ಅರ್ಧಕ್ಕಿಳಿದ ತಿಂಗಳು ಶುರುವಾದದ್ದು.
ಸಂಬಳ ಇನ್ನೂ ಮೇಲೆ ಹತ್ತಿಲ್ಲ. ವ್ಯಾನು ನಿಂತಿತು.

"ತಾತ್ಕಾಲಿಕ ಅಂತ ಮೊದಲೇ ಹೇಳಿದ್ದರಲ್ಲ" ಅಂದ ಇದಿನಬ್ಬ.
ಹೌದು, ಹೇಳಿದ್ದರು.
ನಾವು ಇಲ್ಲಿಗೆ ಬಂದದ್ದೂ ತಾತ್ಕಾಲಿಕವೇ,
ಎರಡು ವರ್ಷಕ್ಕೆ ಅಂತ. ಇದು ಹನ್ನೊಂದನೆಯದು.

ಮೊದಲ ಸಲ ಸಾಲಿನಲ್ಲಿ ನಿಂತಾಗ
ಮೋನಪ್ಪಣ್ಣ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು,
ಯಾರೋ ಫೋಟೋ ತೆಗೆಯುತ್ತಿದ್ದಾರೆಂದು.
ಏಳನೇ ತಿಂಗಳಿಗೆ ಅವರೇ ಸಾಲಿನ ತಲೆ,
"ಎಣ್ಣೆಯ ಕಂಪನಿ ಬದಲಾಯಿತಾ?" ಎಂದು ಕೇಳುವವರು.
ಅಭ್ಯಾಸ ಮಾಡಿಸಿದರು. ಬಿಡಿಸುವುದು ಹೇಗೆಂದು
ಚೀಟಿಯಲ್ಲಿ ಬರೆದಿರಲಿಲ್ಲ.

ನಾನು ರೂಮಿನ ಲೆಕ್ಕ ಬರೆಯುವವನು.
ಮೇಷ್ಟ್ರೇ ಅನ್ನುತ್ತಾರೆ, ಓದಿದ್ದು ಒಂಬತ್ತನೇ ಕ್ಲಾಸು.
ಬರೆದೆ:
ಅಕ್ಕಿ, ಎಂಟು ಡಬ್ಬಿಯಿಂದ ಆರಕ್ಕೆ.
ಅಳೆಯುವುದು ಅದೇ ಹಾಲಿನ ಖಾಲಿ ಡಬ್ಬಿಯಲ್ಲಿ.
ಚಹಾ, ಒಂದೇ ಹೊತ್ತು.
ಖುಬೂಸು ನಿನ್ನೆಯದು, ನೀರು ಚಿಮುಕಿಸಿ ಕಾವಲಿಯ ಮೇಲೆ.
ಮೀನಿಗೆ ಹೋಗುವುದು ಮಾರ್ಕೆಟ್ಟು ಮುಚ್ಚುವ ಹೊತ್ತಿಗೆ,
ಐಸು ಕರಗಿ ಮಾರುವವನಿಗೂ ಬೇಸರ ಬಂದಿರಬೇಕು.
ಸಾರಿಗೆ ನೀರು, ಲೆಕ್ಕವಿಲ್ಲ.

ಮನೆಯಿಂದ ವೀಡಿಯೋ ಕಾಲು ಬಂದಾಗ ಸಿಪ್ರಿಯನ್
ಒಣಗಿದ ತಟ್ಟೆಯನ್ನು ಮತ್ತೆ ತೊಳೆಯುತ್ತಾನೆ.
ನಲ್ಲಿಯ ಸದ್ದು ಆಚೆಗೆ ಕೇಳಬೇಕು.
"ಈಗಷ್ಟೇ ಆಯ್ತು ಊಟ."

ಹದಿನೆಂಟನೇ ದಿನ ಅಕ್ಕಿಯ ಚೀಲ ಕೊಡವಿದೆ.
ಯಾದಗಿರಿಯ ಬಸಲಿಂಗ ಏನೂ ಹೇಳದೆ
ಮಂಚದಡಿಗೆ ತೂರಿ ಟ್ರಂಕು ಎಳೆದ.
ಮೂರು ಟಿನ್ನು ಕಡಲೆ.
"ಊರಿಗೆ ಒಯ್ಯಾಕ ಇಟ್ಟಿದ್ದೆ. ಹುಡುಗ್ರು
ಫಾರಿನ್ ಡಬ್ಬಿ ನೋಡ್ಲಿ ಅಂತ."
"ತೊಗರಿಯ ಊರಿಗೆ ಕಡಲೆ ಹೊರುವವ," ಎಂದು ಬೈಯುತ್ತಲೇ
ಮೋನಪ್ಪಣ್ಣ ತಾವೂ ಬಗ್ಗಿದರು. ನಾಲ್ಕು.
ನೇತುಹಾಕಿದ ಬಾಯ್ಲರ್ ಸೂಟಿನ ಹಿಂದಿನಿಂದ ಇದಿನಬ್ಬ, ಐದು.
ಮೇಲಿನ ಮಂಚದ ಶಫೀಕುಲ್ ದಿಂಬಿನ ಹೊಟ್ಟೆ ಬಿಚ್ಚಿ ಎರಡು.
ದಿಂಬಿನೊಳಗೆ, ಮಾರಾಯ! ಇಷ್ಟು ದಿನ ಅದರ ಮೇಲೆ ನಿದ್ದೆ!
ಆಮೇಲೆ ನಗು ಬಂತು, ತಡೆಯಲಾಗಲಿಲ್ಲ.
ಒಂದೇ ರೂಮಿನಲ್ಲಿ ಒಬ್ಬರಿಂದೊಬ್ಬರು ಬಚ್ಚಿಟ್ಟದ್ದು
ಅದೇ ಕಡಲೆ, ಅದೇ ಹಸಿರು ಲೇಬಲ್ಲು.

ತಳದಲ್ಲಿ ಒತ್ತಿದ ತಾರೀಕು ಅರಬಿ ಅಂಕಿಯಲ್ಲಿ.
ಇದಿನಬ್ಬನ ಮದರಸದ ಓದು ಹೀಗೆ ಒದಗಿತು.
ಟ್ಯೂಬ್‌ಲೈಟಿಗೆ ಒಡ್ಡಿ, ತಿರುಗಿಸಿ ಓದಿದ:
ಇದು ನಾಳಿದ್ದಿಗೆ. ಇದು ಹಬ್ಬದವರೆಗೆ.
ಇದು ಮುಗಿದಿದೆ, ಇದನ್ನೇ ಮೊದಲು ತಿನ್ನುವ.

ಹೊಸ ಹಾಳೆ ತೆರೆದೆ.
ಎಲ್ಲರದೂ ಸೇರಿ ಇಪ್ಪತ್ತಮೂರು. ದಿನಕ್ಕೆರಡು.
ಹನ್ನೊಂದು ದಿನ, ಮೇಲೊಂದು ಟಿನ್ನು.
ಆಚೆಗಿನದಕ್ಕೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದೇನೆ.

ಇನ್ನೊಂದು ಇದೆ.
ಒಂದು ಸಲ, ಯಾರದೋ ಕೈತಪ್ಪಿ,
ನನ್ನ ಪೆಟ್ಟಿಗೆಗೆ ಅನಾನಸಿನ ಟಿನ್ನು ಬಂದಿತ್ತು.
ಸೂಟ್‌ಕೇಸಿನಲ್ಲಿ, ಮಗಳ ಫ್ರಾಕಿನೊಳಗೆ ಸುತ್ತಿಟ್ಟಿದ್ದೇನೆ.
ನಾಲ್ಕು ವರ್ಷದವಳ ಅಳತೆಯ ಫ್ರಾಕು. ಅವಳಿಗೀಗ ಏಳು.
ಅದರ ತಾರೀಕು ಓದಿಸಿಲ್ಲ,
ಪುಸ್ತಕಕ್ಕೆ ಹತ್ತಿಸಿಲ್ಲ.

ಗುರುವಾರ ಐದೂವರೆಗೆ ಈಗಲೂ ಎಲ್ಲರೂ ಗೇಟಿನ ಕಡೆ ಹೋಗುತ್ತಾರೆ,
ಗಾಳಿಗೆ ಅನ್ನುತ್ತಾರೆ.
ಆಗ ಒಬ್ಬನೇ ಕೂತು
ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ.
ರಸ ಇನ್ನೂ ಇದೆ.